ಕವಡಿಗಡದ ಬಾವಿ

ಸ್ಟಾಕ್‌ಪೋರ್ಟ್
೧೪ ಸೆಪ್ಟೆಂಬರ್ ೨೦೦೩

ನನ್ನ ಮುದ್ದು ನೇತ್ರಾ,

ಶರಣು. ದೊಡ್ಡ ಶಾಲೆಗೆ ಸೇರಿದ ಮೇಲೆ ನೀನು ಕನ್ನಡ ಓದುವುದನ್ನೇ ಬಿಟ್ಟಿದ್ದೀಯೆಂದು ನಿನ್ನಮ್ಮ ದೂರಿದಳು. ನಿನ್ನ ಶ್ರೀಕಾಂತ ಮಾಮಾನ ಈ ಮನೆಯ ಫೋನಿನಲ್ಲಿ ನನ್ನ ಕಿವಿಗೆ ಬೀಳುವುದು ಅರ್ಧ ಮಾತು. ಇದು ಮಾತ್ರ ಚೆನ್ನಾಗಿ ಬಿತ್ತು. ನಿನ್ನ ಅಪ್ಪ ಅಮ್ಮ ಈ ದೇಶದಲ್ಲಿ ಪರೀಕ್ಷೆ, ಡ್ಯೂಟಿ ಎಂದು ಒದ್ದಾಡುತ್ತಿದ್ದಾಗ ಧಾರವಾಡದಲ್ಲಿ ನಾನೂ ನಿನ್ನಜ್ಜಿ ಗಂಗವ್ವನೂ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ ಅಕ್ಷರ ಅದು. ಅದನ್ನು ನೀನು ಮರೆಯಲು ನಾನು ಬಿಡುವವನಲ್ಲ. ಹಾಗಾಗಿ ಒಂದು ಒಪ್ಪಂದ. ನಾನು ಒಂದು ಕಥೆಯನ್ನು ಪತ್ರದಲ್ಲಿ ಬರೆಯುತ್ತ ಹೋಗುತ್ತೇನೆ, ನೀನೇ ಓದಬೇಕು. ಅಮ್ಮನ ಕೈಯಲ್ಲಿ ಓದಿಸಿದರೆ ನನಗೆ ಗೊತ್ತಾಗುತ್ತದೆ.

ನಾನು ಕಾರವಾರದ ಬಂದರಿನಲ್ಲಿ ಕಸ್ಟಮ್ಸ್ ಅಧಿಕಾರಿಯಾಗಿದ್ದೆ ತಾನೆ? ಒಮ್ಮೆ ಕಳ್ಳಸಾಗಣೆಯ ದೋಣಿಯನ್ನು ಬೆನ್ನಟ್ಟಿ ಸಮುದ್ರದಲ್ಲಿ ಬಹಳ ದೂರ ಹೋಗಿಬಿಟ್ಟೆವು. ಕಳ್ಳರು ಸಿಗಲಿಲ್ಲ, ಒಂದು ನಡುಗಡ್ಡೆ ಸಿಕ್ಕಿತು. ಅದರ ಹೆಸರು ಕವಡಿಗಡ. ಇಳಿದು ನೋಡಿದರೆ ಹಡಗು ಕಟ್ಟಿ ನಿಲ್ಲಿಸುವ ಧಕ್ಕೆ ಮುರಿದುಬಿದ್ದಿತ್ತು, ನಡುವೆ ಹೂಳು ತುಂಬಿದ ಒಂದು ಬಾವಿ, ಸುತ್ತ ಕಡಲಹಕ್ಕಿಗಳು. ಒಬ್ಬನೇ ಒಬ್ಬ ಮನುಷ್ಯನಿಲ್ಲ. ಆದರೆ ಒಂದು ಕಾಲಕ್ಕೆ ಅದೊಂದು ರಾಜ್ಯ ಕಣೇ! ಅರಬರ ಹಡಗು, ಮಲಬಾರಿನ ಹಡಗು ಎಲ್ಲ ಅಲ್ಲಿಗೆ ಬರುತ್ತಿದ್ದವು. ಅದು ಎದ್ದದ್ದು ಹೇಗೆ, ಬಿದ್ದದ್ದು ಹೇಗೆ ಎಂಬುದನ್ನು ನಮ್ಮ ದೋಣಿಯ ಮುದುಕ ಅವತ್ತು ಹೇಳಿದ. ನಿನಗೆ ಬೇಕಿದ್ದರೆ ಬರೆಯುತ್ತೇನೆ.

ನಿನ್ನ ಅಜ್ಜ,
ಕರಬಸಪ್ಪ


ಹಾರ್ಬೋರ್ನ್
೨೮ ಸೆಪ್ಟೆಂಬರ್ ೨೦೦೩

ಪ್ರೀತಿಯ ಅಜ್ಜಾ,

ನಾನೇ ಓದಿದೆ. ಅಮ್ಮ ಹೆಲ್ಪ್ ಮಾಡಲು ಬಂದಳು, ನಾನು ಬಾಗಿಲು ಹಾಕಿಕೊಂಡೆ.

ಕಥೆ ಬೇಕು. ರಾಜ ಇದ್ದನಾ, ರಾಣಿಯಾ? ಬೆಕ್ಕುಗಳು ಇದ್ದವಾ? ಬಿದ್ದಾಗ ಜನ ಎಲ್ಲಿಗೆ ಹೋದರು? ನೀನು ಕೊನೆಯನ್ನು ಮೊದಲೇ ಹೇಳಿಬಿಟ್ಟೆ. ನನ್ನ ಫ್ರೆಂಡ್ ಮಾಳವಿಕಾ ಅದು ಮೋಸ ಅನ್ನುತ್ತಾಳೆ. ನನಗೆ ಹಾಗೇ ಇಷ್ಟ. ಏನಾಗುತ್ತದೆ ಎಂದು ಗೊತ್ತಿದ್ದರೆ ಓದುವಾಗ ಭಯ ಆಗುವುದಿಲ್ಲ.

ಮೊನ್ನೆ ಪಿ.ಇ. ಕ್ಲಾಸಿನಲ್ಲಿ ಓಡುವಾಗ ಬಿದ್ದೆ. ಎಡವಿ ಅಲ್ಲ, ಸುಮ್ಮನೆ ಬಿದ್ದೆ. ಕಣ್ಣು ಬಿಟ್ಟಾಗ ಎಲ್ಲರೂ ಬಗ್ಗಿ ನನ್ನನ್ನೇ ನೋಡುತ್ತಿದ್ದರು. ಬೆಳಿಗ್ಗೆ ಸರಿಯಾಗಿ ತಿಂದಿರಲಿಲ್ಲ, ಅದಕ್ಕೇ ಹಾಗಾಯಿತು ಎಂದಳು ಅಮ್ಮ. ನಾನು ತಿಂದಿದ್ದೆ ಅಜ್ಜಾ.

ನೇತ್ರಾ


ಸ್ಟಾಕ್‌ಪೋರ್ಟ್
೧೨ ಅಕ್ಟೋಬರ್ ೨೦೦೩

ನೇತ್ರಮ್ಮಾ,

ಬೆಕ್ಕುಗಳಿದ್ದವು. ಹಡಗಿನಲ್ಲಿ ಇಲಿ ಬಂದ ಮೇಲೆ ಬೆಕ್ಕು ಬಾರದೆ ಇರುತ್ತದೆಯೇ?

ಆಳುತ್ತಿದ್ದವಳು ರಾಣಿ, ಹೆಸರು ಹೊನ್ನವ್ವ. ಮೊದಲು ಅವಳು ರಾಣಿಯೇನೂ ಆಗಿರಲಿಲ್ಲ. ಗಂಡನ ದೋಣಿ ಒಡೆದು ಆ ಬೋಳು ಬಂಡೆಯ ಮೇಲೆ ಒಬ್ಬಳೇ ಉಳಿದುಕೊಂಡ ಹೆಂಗಸು. ಬಂಡೆಯ ನಡುವೆ ಒಂದು ಬಾವಿ. ಸುತ್ತ ಎಲ್ಲಿ ನೋಡಿದರೂ ಉಪ್ಪುನೀರು, ಆ ಬಾವಿಯಲ್ಲಿ ಮಾತ್ರ ಸಿಹಿನೀರು. ಆ ದಾರಿಯಲ್ಲಿ ಹೋಗುವ ಹಡಗುಗಳು ನೀರಿಗಾಗಿ ನಿಂತವು. ನಾವಿಕರು ದುಡ್ಡು ಚಾಚಿದರು. "ನೀರಿಗೆ ರೊಕ್ಕ ತಗೊಂಡ್ರ ನನ್ನ ನಾಲಗಿ ಸೇದಿಹೋಗ್ತದ. ಹಡಗ ಕಟ್ಟಾಕ ಹಗ್ಗ ಕೊಡ್ತೀನಿ, ಅದಕ್ಕ ಕೊಡ್ರಿ" ಎಂದಳಂತೆ ಹೊನ್ನವ್ವ. ನೋಡು, ನಮ್ಮ ಕಸ್ಟಮ್ಸ್ ಇಲಾಖೆಯಲ್ಲಿ ಇಂಥ ತಲೆ ಒಂದೂ ಇರಲಿಲ್ಲ! ನೀರು ಕುಡಿಯಲು ನಿಂತವರು ಹಗ್ಗಕ್ಕೆ ಕೊಟ್ಟದ್ದು ವಸೂಲಾಗಲಿ ಎಂದು ತಂಗಿದರು. ತಂಗಿದವರು ಸುಮ್ಮನೆ ಕೂರುವುದೇಕೆಂದು ಒಬ್ಬರಿಗೊಬ್ಬರು ಖರ್ಜೂರ, ಮೆಣಸು, ಅಕ್ಕಿ ಮಾರಿಕೊಂಡರು. ಹೀಗೆ ಸಂತೆಯಾಯಿತು, ಸಂತೆ ಊರಾಯಿತು, ಊರು ರಾಜ್ಯವಾಯಿತು.

ಅಲ್ಲಿ ಒಂದು ಪದ್ಧತಿಯಿತ್ತು. ಬೆಳಿಗ್ಗೆ ಎಲ್ಲ ಹಡಗಿನವರೂ ಊರವರೂ ಧಕ್ಕೆಯ ಮೇಲೆ ನೆರೆಯುತ್ತಿದ್ದರು. ಬಾವಿಯಿಂದ ಸೇದಿದ ಮೊದಲ ನೀರನ್ನು ಹೊನ್ನವ್ವ ಎಲ್ಲರೆದುರು ಕುಡಿಯಬೇಕು. ಕುಡಿದು "ಸಿಹಿ ಅದ" ಎನ್ನಬೇಕು. ಆಮೇಲೇ ಅಂಗಡಿ ತೆರೆಯುವುದು. ಅವಳ ಆ ಒಂದು ಮಾತನ್ನು ನಂಬಿಕೊಂಡು ಜನ ತಿಂಗಳುಗಟ್ಟಲೆಯ ಸಮುದ್ರಕ್ಕೆ ಪೀಪಾಯಿ ತುಂಬಿಸಿಕೊಳ್ಳುತ್ತಿದ್ದರು.

ವರ್ಷಗಳು ಹೀಗೇ ಹೋದವು. ಒಂದು ದಿನ ಹೊನ್ನವ್ವ ಎಂದಿನಂತೆ ಬಟ್ಟಲೆತ್ತಿ ಕುಡಿದಳು. ಬಾಯಲ್ಲಿ ಉಪ್ಪು. ಸ್ವಲ್ಪವೇ, ಆದರೆ ಉಪ್ಪೇ. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದಾರೆ. ಹೊನ್ನವ್ವ ತುಟಿ ಒರೆಸಿಕೊಂಡು "ಸಿಹಿ ಅದ" ಎಂದಳು.

ಮುಂದಿನದು ಇನ್ನೊಮ್ಮೆ. ಓಡುವಾಗ ಬಿದ್ದೆ ಎಂದು ಬರೆದಿದ್ದೀಯಲ್ಲ, ಅದನ್ನು ಸ್ವಲ್ಪ ವಿವರವಾಗಿ ಬರೆ.

ಅಜ್ಜ


ಹಾರ್ಬೋರ್ನ್
೨ ನವೆಂಬರ್ ೨೦೦೩

ಅಪ್ಪಾ,

ನಮಸ್ಕಾರ. ಫೋನಿನಲ್ಲಿ ಕೂಗಿ ಹೇಳುವಂಥ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈ ಪತ್ರವನ್ನು ಅಣ್ಣ ಶ್ರೀಕಾಂತನಿಗೆ ತೋರಿಸಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ನೇತ್ರಾ ಶಾಲೆಯಲ್ಲಿ ಮತ್ತೊಮ್ಮೆ ಬಿದ್ದಳು. ಪರೀಕ್ಷೆ ಎಲ್ಲ ಆಯಿತು. ಅವಳ ಹೃದಯದ ಒಂದು ಕವಾಟ ಹುಟ್ಟಿನಿಂದಲೇ ಕಿರಿದಾಗಿತ್ತಂತೆ, ಬೆಳೆಯುತ್ತ ಇನ್ನಷ್ಟು ಬಿಗಿದಿದೆ. ಡಿಸೆಂಬರ್ ಎರಡನೇ ವಾರ ಆಪರೇಷನ್. ಹೃದಯವನ್ನು ನಿಲ್ಲಿಸಿ ಮಾಡುವಂಥದ್ದು. ಬಹಳ ಮಕ್ಕಳು ಚೆನ್ನಾಗಿ ಹೊರಬರುತ್ತಾರೆ. ಎಲ್ಲ ಮಕ್ಕಳೂ ಬರುತ್ತಾರೆ ಎಂದು ಯಾರೂ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಅಪ್ಪಾ, ಬೇರೆಯವರ ಮಕ್ಕಳಿಗೆ ಅರಿವಳಿಕೆ ಕೊಟ್ಟು ಮಲಗಿಸುವುದೇ ನನ್ನ ಕೆಲಸ. ಆ ಕೋಣೆಯಲ್ಲಿ ಏನೇನು ಆಗಬಹುದು ಎಂಬುದೆಲ್ಲ ನನಗೆ ಗೊತ್ತು. ಗೊತ್ತಿರುವುದೇ ನನ್ನನ್ನು ಕೊಲ್ಲುತ್ತಿದೆ. ರಾಜಶೇಖರ ಕೊವೆಂಟ್ರಿಯ ಕೆಲಸಕ್ಕೆ ಹೋಗಿಬಂದು ಮಾಡುತ್ತಿದ್ದಾನೆ, ಡ್ಯೂಟಿಯ ಪಾಳಿ ಬದಲಾಯಿಸಿಕೊಂಡು ನಾನು ಮನೆಯಲ್ಲಿದ್ದೇನೆ. ಗಂಡಹೆಂಡತಿ ಇಬ್ಬರೂ ಅವಳೆದುರು ನಗುತ್ತೇವೆ.

ಅವಳಿಗೆ "ಒಂದು ಸಣ್ಣ ರಿಪೇರಿ" ಎಂದಷ್ಟೇ ಹೇಳಿದ್ದೇವೆ. ಅವಳು ನಂಬಿದ್ದಾಳೆ, ನಿಶ್ಚಿಂತೆಯಾಗಿದ್ದಾಳೆ. ಆದರೆ ನಿಮ್ಮ ಪತ್ರವನ್ನು ದಿಂಬಿನ ಕೆಳಗಿಟ್ಟುಕೊಂಡು ಮತ್ತೆ ಮತ್ತೆ ಓದುತ್ತಾಳೆ. ಇಂಥ ಹೊತ್ತಿನಲ್ಲಿ ಬಾವಿ ಉಪ್ಪಾಗುವುದು, ರಾಜ್ಯ ಬೀಳುವುದು ಬೇಡ ಅಪ್ಪಾ. ಮನೆಯಲ್ಲಿ ಅಶುಭ ಆಡಿದರೆ ವಾಸ್ತು ದೇವತೆ ಅಸ್ತು ಅಂತಾಳ ಎಂದು ಅವ್ವ ನಮ್ಮ ಬಾಯಿ ಮುಚ್ಚಿಸುತ್ತಿದ್ದಳಲ್ಲ? ನಾನು ಡಾಕ್ಟರು, ನಗಬೇಕು. ನಗು ಬರುತ್ತಿಲ್ಲ. ಹೇಗಾದರೂ ಮಾಡಿ ಆ ಕಥೆಯನ್ನು ಒಳ್ಳೆಯದಾಗಿ ಮುಗಿಸಿ.

ನೀವು ಒಮ್ಮೆ ಬಂದುಹೋದರೆ ಚೆನ್ನಾಗಿತ್ತು. ಒತ್ತಾಯವಿಲ್ಲ.

ಸುಚೇತಾ


ಸ್ಟಾಕ್‌ಪೋರ್ಟ್
೯ ನವೆಂಬರ್ ೨೦೦೩

ಚಿನ್ನದಂಥ ನೇತ್ರಾ,

ಹೇಗಿದ್ದೀಯ ತಾಯಿ? ನಿನಗೇನೋ ಸಣ್ಣ ರಿಪೇರಿಯಂತೆ, ಅಮ್ಮ ಹೇಳಿದಳು. ಅದೇನೂ ದೊಡ್ಡ ವಿಷಯವಲ್ಲ. ಹೋಗುವುದು, ಮಲಗುವುದು, ಏಳುವುದು, ಅಷ್ಟೇ. ನನಗೇ ಬರಬೇಕೆಂದಿತ್ತು, ಈ ಚಳಿಗೆ ಮೊಣಕಾಲು ಹಿಡಿದುಕೊಂಡಿದೆ.

ಹೊನ್ನವ್ವನ ಕಥೆ ಎಲ್ಲಿಗೆ ಬಂದಿತ್ತು? ಹಾಂ, ನೀರು ಸ್ವಲ್ಪ ಉಪ್ಪೆನಿಸಿತ್ತಲ್ಲ, ಅದು ಅವಳ ಭ್ರಮೆ. ಹಿಂದಿನ ದಿನ ಉಪ್ಪಿನಕಾಯಿ ಜಾಸ್ತಿ ತಿಂದಿದ್ದಳು. ಮರುದಿನ ಕುಡಿದು ನೋಡಿದರೆ ನೀರು ಮೊದಲಿಗಿಂತಲೂ ಸಿಹಿ. ಇನ್ನಷ್ಟು ಹಡಗುಗಳು ಬಂದವು. ಮುತ್ತು, ರತ್ನ, ರೇಷ್ಮೆ. ಹೊನ್ನವ್ವ ನೂರು ವರ್ಷ ಬದುಕಿದಳು, ಅವಳ ಮೊಮ್ಮಕ್ಕಳೂ ನೂರು ವರ್ಷ ಬದುಕಿದರು. ಕವಡಿಗಡದ ರಾಜ್ಯ ಈಗಲೂ ಹಾಗೇ ಸುಖವಾಗಿದೆ. ಕಥೆ ಮುಗಿಯಿತು.

ಚೆನ್ನಾಗಿ ಊಟ ಮಾಡು. ನಗುನಗುತ್ತ ಇರು.

ಅಜ್ಜ


ಹಾರ್ಬೋರ್ನ್
೧೬ ನವೆಂಬರ್ ೨೦೦೩

ಅಜ್ಜಾ,

ನೀನು ಸುಳ್ಳು ಬರೆದಿದ್ದೀಯ.

ಮೊದಲ ಪತ್ರ ನನ್ನ ಹತ್ತಿರ ಇದೆ. ಧಕ್ಕೆ ಮುರಿದಿತ್ತು, ಬಾವಿಯಲ್ಲಿ ಹೂಳು ತುಂಬಿತ್ತು, ಹಕ್ಕಿಗಳು ಮಾತ್ರ ಇದ್ದವು, ನಾನೇ ಇಳಿದು ನೋಡಿದೆ ಎಂದು ನೀನೇ ಬರೆದಿದ್ದೆ. ಈಗ ಸುಖವಾಗಿದೆ ಅಂತೀಯ. ನೀನು ಯಾವಾಗಲೂ ನನ್ನನ್ನು ರೇಗಿಸುತ್ತೀಯ. ಈ ಸಲ ಒಂದು ಸಲವೂ ರೇಗಿಸಲಿಲ್ಲ. ಚಿನ್ನದಂಥ ಎಂದು ಯಾವತ್ತೂ ಕರೆದಿರಲಿಲ್ಲ.

ಓದಿದ ಕೂಡಲೆ ನನಗೆ ಗೊತ್ತಾಯಿತು. ಧಾರವಾಡದಲ್ಲಿ ಅಜ್ಜಿಯನ್ನು ದವಾಖಾನೆಗೆ ಕರೆದುಕೊಂಡು ಹೋದ ದಿನವೂ ಎಲ್ಲರೂ ಹೀಗೇ ಸಿಹಿಯಾಗಿ ಮಾತಾಡಿದಿರಿ. "ಏನೂ ಆಗಂಗಿಲ್ಲವ್ವಾ, ಸೋಮವಾರ ಅಜ್ಜಿ ಬರ್ತಾಳ" ಎಂದು ನೀನು ನನಗೆ ಪೇಡೆ ಕೊಟ್ಟೆ. ನಾನು ಸೋಮವಾರ ಇಡೀ ದಿನ ಗೇಟಿನ ಮೇಲೆ ಕೂತಿದ್ದೆ. ಅಜ್ಜಿ ಆವಾಗಲೇ ಇರಲಿಲ್ಲ.

ಅಮ್ಮ ಸಣ್ಣ ರಿಪೇರಿ ಎಂದಾಗ ನಾನು ನಂಬಿದ್ದೆ. ನಿಜವಾಗಿಯೂ ನಂಬಿದ್ದೆ. ಈಗ ರಾತ್ರಿ ಎದೆಯ ಮೇಲೆ ಕೈ ಇಟ್ಟುಕೊಂಡು ಮಲಗುತ್ತೇನೆ. ನಿಂತುಹೋಯಿತಾ ಎಂದು ನೋಡುತ್ತಿರುತ್ತೇನೆ.

ಅಜ್ಜಾ, ನಾನು ಸಾಯುತ್ತೇನಾ? ನಿನ್ನ ಕಾಲಿಗೆ ಏನೂ ಆಗಿಲ್ಲ ಎಂದೂ ನನಗೆ ಗೊತ್ತು. ನೀನು ದಿನಾ ಪಾರ್ಕಿಗೆ ಹೋಗುತ್ತೀಯೆಂದು ಶ್ರೀಕಾಂತ ಮಾಮಾ ಹೇಳಿದ.

ನಾನು ಆಸ್ಪತ್ರೆಗೆ ಹೋಗುವುದಿಲ್ಲ.

ನೇತ್ರಾ


ಹಾರ್ಬೋರ್ನ್
೨೧ ನವೆಂಬರ್ ೨೦೦೩

ಅಪ್ಪಾ,

ನಿನ್ನೆ ಆಪರೇಷನ್ ಮಾಡುವ ಡಾಕ್ಟರನ್ನು ನೋಡಲು ಹೋಗಿದ್ದೆವು. ಅವರು ನಮ್ಮನ್ನು ಬಿಟ್ಟು ನೇರವಾಗಿ ನೇತ್ರಾಳನ್ನೇ ಕೇಳಿದರು, ನಿನಗೆ ಏನು ಗೊತ್ತಿದೆ ಹೇಳು ಎಂದು. ಅವಳು ಗೋಡೆಯ ಕಡೆ ತಿರುಗಿ "ಅವರು ಹೇಳಿದ್ದಷ್ಟೇ, ಅದು ಸುಳ್ಳು" ಎಂದಳು. ಆಪರೇಷನ್ ಬೇಡವೇ ಬೇಡವೆಂದಳು. ಹೀಗೆ ಹೆದರಿ ಬೇಡವೆನ್ನುವ ಮಗುವನ್ನು ಎಳೆದುತಂದು ಮಲಗಿಸಲು ತನಗೆ ಮನಸ್ಸಿಲ್ಲ, ಮೊದಲು ನೀವು ಮನೆಯಲ್ಲಿ ಮಾತಾಡಿ ಎಂದರು ಡಾಕ್ಟರು. ಆದರೆ ಬಹಳ ದಿನ ಕಾಯುವಂತೆಯೂ ಇಲ್ಲ ಅಪ್ಪಾ. ಕವಾಟ ಕಾಯುವುದಿಲ್ಲ. ಮೆಟ್ಟಿಲು ಹತ್ತಿದರೆ ಅವಳ ತುಟಿ ನೀಲಿಯಾಗುತ್ತಿದೆ.

ನಿಮ್ಮನ್ನು ಬೈಯೋಣವೆಂದೇ ಬರೆಯಲು ಕೂತೆ. ಉಪ್ಪಿನಕಾಯಿ ತಿಂದಳಂತೆ, ಎಂಥ ಕಥೆ ಅಪ್ಪಾ ಅದು! ಸಣ್ಣ ಮಗುವೂ ನಂಬುವುದಿಲ್ಲ. ಆದರೆ ಹಾಗೆ ಬರೆಸಿದವಳು ನಾನು. ಅವಳಿಗೆ ಇಲ್ಲದ ಭಯವನ್ನು ನಾವಿಬ್ಬರೂ ಸೇರಿ ಅಂಚೆಯಲ್ಲಿ ಕಳಿಸಿದೆವು. ಈಗ ನಾನೇನು ಹೇಳಿದರೂ ಅವಳು ನನ್ನ ಮುಖ ನೋಡುತ್ತಾಳೆ, ಮಾತು ಕೇಳುವುದಿಲ್ಲ. ನಿಮ್ಮ ಮಾತನ್ನು ಇನ್ನೂ ಕೇಳಬಹುದು. ಏನು ಬರೆಯಬೇಕೋ ನನಗೆ ತೋಚುತ್ತಿಲ್ಲ. ಏನಾದರೂ ಮಾಡಿ.

ಸುಚೇತಾ


ಸ್ಟಾಕ್‌ಪೋರ್ಟ್
೨೪ ನವೆಂಬರ್ ೨೦೦೩

ನೇತ್ರಾ,

ನೀನು ಹೇಳಿದ್ದು ಸರಿ. ನಾನು ಬರೆದದ್ದು ಸುಳ್ಳು. ಮೊಣಕಾಲೂ ಸುಳ್ಳು.

ನಿನ್ನ ಪ್ರಶ್ನೆಗೆ ಉತ್ತರ ನನಗೆ ಗೊತ್ತಿಲ್ಲ ಕಂದಾ. ನೀನು ಬದುಕುತ್ತೀಯೆಂದು ನನ್ನ ಜೀವ ಕೂಗಿ ಹೇಳುತ್ತದೆ, ನಿನ್ನಮ್ಮನಿಗೆ ಗೊತ್ತಿರುವ ವೈದ್ಯವೂ ಬಹಳಮಟ್ಟಿಗೆ ಅದನ್ನೇ ಹೇಳುತ್ತದೆ. ಆದರೆ ಬರೆದುಕೊಡು ಎಂದರೆ ಕೊಡಲು ನನ್ನಿಂದ ಆಗುವುದಿಲ್ಲ. ಅಜ್ಜಿಯ ವಿಷಯದಲ್ಲಿ ಬರೆದುಕೊಡುವವನಂತೆ ಆಡಿದೆ. ಅವಳು ಹೋದ ಮೇಲೆ ನಾನು ಯಾವ ಆಸ್ಪತ್ರೆಯ ಬಾಗಿಲನ್ನೂ ದಾಟಿಲ್ಲ. ಆ ವಾಸನೆ ಬಂದರೆ ಕಾಲು ಹಿಂದಕ್ಕೆ ಸರಿಯುತ್ತದೆ. ಬಾರದೆ ಇರುವುದಕ್ಕೆ ಕಾರಣ ಇಷ್ಟೇ. ನನಗೆ ಭಯ.

ಕಥೆಯ ನಿಜವನ್ನು ಹೇಳುತ್ತೇನೆ. ಆ ದಿನದಿಂದ ನೀರು ಸ್ವಲ್ಪಸ್ವಲ್ಪವೇ ಉಪ್ಪಾಗುತ್ತ ಹೋಯಿತು. ಹೊನ್ನವ್ವ ದಿನವೂ ಕುಡಿದು "ಸಿಹಿ ಅದ" ಎನ್ನುತ್ತಲೇ ಇದ್ದಳು. ಅವಳು ಕೆಟ್ಟವಳಲ್ಲ. ಹೇಳಿದರೆ ಜನ ಹೆದರುತ್ತಾರೆ, ಸಂತೆ ಒಡೆಯುತ್ತದೆ, ನಾಳೆ ಸರಿಹೋಗಬಹುದು, ಹೀಗೆಲ್ಲ ಎಣಿಸಿದಳು. ಊರವರಿಗೂ ನಾಲಗೆಯಿತ್ತು. ಅವರೂ ಕುಡಿದು ಒಬ್ಬರ ಮುಖ ಒಬ್ಬರು ನೋಡಿ ಸುಮ್ಮನಾದರು. ರಾಣಿಯೇ ಸಿಹಿ ಎನ್ನುವಾಗ ಉಪ್ಪು ಎನ್ನುವವರು ಯಾರು? ಹಡಗುಗಳು ಆ ನೀರನ್ನೇ ತುಂಬಿಸಿಕೊಂಡು ಹೋದವು.

ಇಲ್ಲಿಯವರೆಗೆ ಬರೆದು ಪೆನ್ನು ಕೆಳಗಿಟ್ಟೆ, ಮತ್ತೆ ಎತ್ತಿದೆ, ಮತ್ತೆ ಇಟ್ಟೆ. ಮುಂದಿನದನ್ನು ಬರೆಯಲು ನನ್ನಿಂದ ಸಾಧ್ಯವಿಲ್ಲ. ರಾಜ್ಯ ಬಿತ್ತು ಎಂಬುದಂತೂ ನಿಜ. ನಿನ್ನಮ್ಮನಿಗೂ ಬೇರೆ ಬರೆದಿದ್ದೇನೆ, ಅವಳಿಗೆ ಗೊತ್ತಿರುವುದನ್ನೆಲ್ಲ ನಿನಗೆ ಹೇಳಲು. ಕೇಳು. ಅವಳು ಅತ್ತರೆ ಅಳಲು ಬಿಡು.

ನಿನ್ನ ಅಜ್ಜ


ಹಾರ್ಬೋರ್ನ್
೩ ಡಿಸೆಂಬರ್ ೨೦೦೩

ಪ್ರೀತಿಯ ಅಜ್ಜಾ,

ಅಮ್ಮ ಹೇಳಿದಳು. ಅಡುಗೆಮನೆಯಲ್ಲಿ ಚಪಾತಿ ಮಾಡುತ್ತ ಶುರುಮಾಡಿದಳು. ಎದೆ ತೆರೆಯುತ್ತಾರೆ, ಹೃದಯ ನಿಲ್ಲಿಸುತ್ತಾರೆ, ಅಷ್ಟು ಹೊತ್ತು ಒಂದು ಮೆಷಿನ್ ಅದರ ಕೆಲಸ ಮಾಡುತ್ತದೆ, ಆಮೇಲೆ ಮತ್ತೆ ಶುರುಮಾಡುತ್ತಾರೆ. ಶುರುವಾಗದಿದ್ದರೆ ಎಂದು ಕೇಳಿದೆ. ಚಪಾತಿ ಸೀದುಹೋಯಿತು. "ಹಂಗಾಗೋದು ಬಾಳ ಕಡಿಮಿ. ಆದ್ರ ಆಗಂಗೇ ಇಲ್ಲ ಅಂತ ನಾ ಹೇಳಂಗಿಲ್ಲ" ಎಂದು ಅಮ್ಮ ಕೆಳಗೆ ಕೂತು ಅತ್ತಳು. ಅಮ್ಮ ಇಂಗ್ಲಿಷಿನಲ್ಲಿ ಹೇಳಲಿಲ್ಲ, ಅಜ್ಜಿಯ ಹಾಗೆ ಮಾತಾಡಿದಳು. ನಾನೂ ಅತ್ತೆ. ಅಪ್ಪ ಬಂದು ಅವನೂ ನಮ್ಮ ಜೊತೆ ಕೆಳಗೆ ಕೂತುಕೊಂಡ. ನನಗೆ ಇನ್ನೂ ಭಯ ಇದೆ, ಆದರೆ ಒಬ್ಬಳೇ ಇದ್ದಾಗಿನ ಭಯಕ್ಕಿಂತ ಇದು ಪರವಾಗಿಲ್ಲ.

ನೀನು ಕೊನೆ ಬರೆಯಲಿಲ್ಲ. ನಾನು ಬರೆಯುತ್ತೇನೆ. ಹೇಗೂ ನಿನ್ನ ಮುದುಕ ಹೇಳಿದ್ದು ನಿಜವೋ ಸುಳ್ಳೋ ಯಾರಿಗೆ ಗೊತ್ತು.

ಒಂದು ದಿನ ಹೊನ್ನವ್ವ ನೀರು ಕುಡಿದಳು, ಎಲ್ಲರ ಮುಂದೆ ಥೂ ಎಂದು ಉಗುಳಿದಳು. "ಉಪ್ಪಾಗೇದ. ಬಾಳ ದಿನ ಆತು. ನನಗ ಅಂಜಿಕಿ ಬಂದದ" ಎಂದಳು. ಜನ ಅವಳನ್ನು ಬೈದರು. ಕೆಲವರು ಅತ್ತರು. ಒಬ್ಬ ಕಲ್ಲು ಎಸೆದ, ಅದು ತಾಗಲಿಲ್ಲ. ಎಲ್ಲ ಬೈದು ಮುಗಿದ ಮೇಲೆ ಅವರು ಮನೆಗಳಿಗೆ ಹೋಗಿ ಮಳೆನೀರು ಎಷ್ಟಿದೆ ನೋಡಿದರು. ದೋಣಿಗಳನ್ನು ತಂದರು. ಮೊದಲು ಚಿಕ್ಕಮಕ್ಕಳು, ಆಮೇಲೆ ಅಜ್ಜಂದಿರು, ಆಮೇಲೆ ಎಲ್ಲರೂ ಹತ್ತಿದರು, ಬೆಕ್ಕುಗಳೂ ಹತ್ತಿದವು. ಹೊನ್ನವ್ವ ಕೊನೆಯ ದೋಣಿಯಲ್ಲಿ ಹೋದಳು. ಎಲ್ಲಿಗೆ ಹೋದರು ಗೊತ್ತಿಲ್ಲ. ಸಮುದ್ರ ದೊಡ್ಡದಿತ್ತು, ದಾರಿಯಲ್ಲೂ ಭಯ ಇತ್ತು.

ಆಮೇಲೆ ರಾಜ್ಯ ಬಿತ್ತು ಅಜ್ಜಾ. ಆದರೆ ಬಿದ್ದಾಗ ಒಳಗೆ ಯಾರೂ ಇರಲಿಲ್ಲ.

ನಾನು ಆಸ್ಪತ್ರೆಗೆ ಹೋಗುತ್ತೇನೆ ಎಂದು ಡಾಕ್ಟರಿಗೆ ಹೇಳಿದ್ದೇನೆ. ಒಂಬತ್ತನೇ ತಾರೀಕು ಆಪರೇಷನ್, ಹಿಂದಿನ ದಿನವೇ ಸೇರಿಸಿಕೊಳ್ಳುತ್ತಾರೆ. ನೀನು ಬರಬೇಕು. ಧೈರ್ಯ ಬಂದ ಮೇಲೆ ಬರುತ್ತೇನೆ ಎಂದರೆ ತಡವಾಗುತ್ತದೆ. ಹೆದರಿಕೊಂಡೇ ಬಾ.

ನೇತ್ರಾ


ರೈಲಿನಲ್ಲಿ
೮ ಡಿಸೆಂಬರ್ ೨೦೦೩

ನೇತ್ರಾ,

ಇದನ್ನು ಅಂಚೆಗೆ ಹಾಕುವುದಿಲ್ಲ, ನಿನ್ನ ಕೈಗೇ ಕೊಡುತ್ತೇನೆ. ಅಕ್ಷರ ವಕ್ರವಾಗಿದ್ದರೆ ರೈಲನ್ನು ಬೈಯಬೇಡ. ಅದು ನೆಟ್ಟಗೇ ಓಡುತ್ತಿದೆ, ಹೆದರಿರುವುದು ನಾನು.

ಸ್ಟಾಕ್‌ಪೋರ್ಟಿನಲ್ಲಿ ಶ್ರೀಕಾಂತ ಹತ್ತಿಸಿದ. ತಾನೂ ಜೊತೆಗೆ ಬರುತ್ತೇನೆಂದ, ಬೇಡವೆಂದೆ. ಸ್ಟೋಕ್ ಸ್ಟೇಷನ್ ಬಂದಾಗ ಇಳಿದು ವಾಪಸ್ಸು ಹೋಗೋಣವೆನಿಸಿತು. ಬ್ಯಾಗನ್ನು ಕೈಗೆ ತೆಗೆದುಕೊಂಡೂ ಆಗಿತ್ತು. ಎದುರು ಕೂತಿದ್ದ ಹೆಂಗಸು ಇಳಿಯುವವರೇ ಎಂದು ಕೇಳಿದಳು. ಇಲ್ಲ, ಬರ್ಮಿಂಗ್‌ಹ್ಯಾಮಿನಲ್ಲಿ ಮೊಮ್ಮಗಳಿಗೆ ನಾಳೆ ಹೃದಯದ ಆಪರೇಷನ್, ನನಗೆ ಬಹಳ ಭಯವಾಗಿದೆ ಎಂದುಬಿಟ್ಟೆ. ಗುರುತಿಲ್ಲದವಳ ಎದುರು! ಅವಳು ಏನೂ ಆಗುವುದಿಲ್ಲ ಎನ್ನಲಿಲ್ಲ. ಫ್ಲಾಸ್ಕಿನಿಂದ ಚಹಾ ಕೊಟ್ಟಳು.

ವುಲ್ವರ್‌ಹ್ಯಾಂಪ್ಟನ್ ದಾಟಿತು, ಇನ್ನು ನಿಮ್ಮೂರೇ. ನಿನ್ನಮ್ಮ ಸ್ಟೇಷನ್ನಿಗೆ ಬಂದಿರುತ್ತಾಳೆ, ಅಲ್ಲಿಂದ ನೇರ ಆಸ್ಪತ್ರೆಗೇ. ಅಲ್ಲಿನ ಗಾಜಿನ ಬಾಗಿಲ ತನಕ ನಾನು ಬಂದೇ ಬರುತ್ತೇನೆ, ಅದರಲ್ಲಿ ಅನುಮಾನವಿಲ್ಲ. ಅದನ್ನು ದಾಟುವ ವಿಷಯ ನನಗೆ ಗೊತ್ತಿಲ್ಲ. ಅಲ್ಲೇ ನಿಂತುಬಿಟ್ಟರೆ ನೀನು ಹೊರಗೆ ಬಂದು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗು.

ನಿನ್ನ ಅಜ್ಜ